ಮೇಷ್ಟ್ರ ಪುಸ್ತಕಕ್ಕೆ ಎಸ್ ಸಾಲದೆ ಹೋದಾಗ

ಎರಡನೆಯ ಪುಟ ಅರ್ಧ ಮುಗಿಯುವಷ್ಟರಲ್ಲಿ ಎಸ್ ಖಾಲಿಯಾಯಿತು. ಮೊಳೆ ತುಂಬಿಡುವ ಮರದ ಕೇಸಿನಲ್ಲಿ ಆ ಅಕ್ಷರದ ಮನೆಗೆ ಬೆರಳು ಹಾಕಿ ಕೆದಕಿದೆ. ಧೂಳು, ಸತ್ತ ಜಿರಳೆಯ ಒಂದು ಕಾಲು, ಅಷ್ಟೇ. ಹನ್ನೊಂದು ವರ್ಷದಿಂದ ಅಚ್ಚಿನ ಮೊಳೆ ಜೋಡಿಸುತ್ತಿದ್ದವನು ನಾನು. ಕನ್ನಡದ ಒತ್ತಕ್ಷರ ಸಾಲದೆ ಪರದಾಡಿದ್ದುಂಟು, ಆದರೆ ಇಂಗ್ಲಿಷಿನ ಒಂದು ಅಕ್ಷರ ಹೀಗೆ ಕೈ ಕೊಟ್ಟಿರಲಿಲ್ಲ.

ತುರ್ತು ಪರಿಸ್ಥಿತಿ ಮುಗಿದ ಮಾರನೆಯ ವರ್ಷದ ಮಾತು. ಕೋಲಾರದ ಒಂದು ಗಲ್ಲಿಯಲ್ಲಿ ಸಣ್ಣ ಪ್ರೆಸ್ಸು. ಯಜಮಾನರು, ಟ್ರೆಡಲ್ ಮಿಷನ್ ತುಳಿಯುವವನೊಬ್ಬ, ಕಂಪೋಸಿಂಗಿಗೆ ನಾನು. ಮದುವೆ ಕಾರ್ಡು, ಟೆಂಟ್ ಸಿನಿಮಾದ ಹ್ಯಾಂಡ್‌ಬಿಲ್ಲು, ಶಾಲೆಗಳ ಪ್ರಶ್ನೆಪತ್ರಿಕೆ, ಇವೇ ನಮ್ಮ ಕೆಲಸ. ಇಂಗ್ಲಿಷ್ ಮೊಳೆ ಇದ್ದದ್ದು ಒಂದೇ ಕೇಸು. ಮದುಮಗನ ಹೆಸರಿನ ಮುಂದೆ ಬಿ.ಎ. ಎಂದು ಹಾಕುವುದಕ್ಕೆ ಅದು ಧಾರಾಳವಾಗಿ ಸಾಕಿತ್ತು. ನಾನು ತಾಯಲೂರಿನವನು, ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಏಳನೆಯ ಕ್ಲಾಸಿಗೆ ಶಾಲೆಗೊಂದು ನಮಸ್ಕಾರ. ಇಂಗ್ಲಿಷಿನ ಅಕ್ಷರಗಳನ್ನು ಮೊಳೆಯ ಮೇಲೆ ತಿರುವುಮುರುವಾಗಿದ್ದರೂ ಗುರುತು ಹಿಡಿಯುತ್ತಿದ್ದೆ. ಅರ್ಥ ಮಾತ್ರ ಕೇಳಬೇಡಿ.

ಆ ಪುಸ್ತಕ ತಂದವರು ನಿವೃತ್ತ ಇಂಗ್ಲಿಷ್ ಮೇಷ್ಟ್ರು. ಶ್ರೀನಿವಾಸಪುರದಲ್ಲೂ ಮುಳಬಾಗಿಲಲ್ಲೂ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿ ಮುಳಬಾಗಿಲಲ್ಲೇ ನೆಲೆ ನಿಂತವರು. ಹೆಂಡತಿಯ ಭುಜ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಸಕ್ಕರೆ ಕಾಯಿಲೆ ಎಡಗಣ್ಣನ್ನು ಆಗಲೇ ತಿಂದು ಹಾಕಿತ್ತು. ಬಲಗಣ್ಣಿಗೆ ದಪ್ಪ ಕನ್ನಡಕ, ಓದುವುದಕ್ಕೆ ಅದರ ಮೇಲೊಂದು ಭೂತಗನ್ನಡಿ.

"ಇದು ನಾನೇ ಬರೆದದ್ದು. ಅಚ್ಚಾಗೋವಾಗ ಪ್ರತಿ ಪುಟಾನೂ ನಾನೇ ಓದಿ ತಿದ್ಬೇಕು. ಈ ಕಣ್ಣು ಇನ್ನೆಷ್ಟು ದಿನ ಇರುತ್ತೋ ಡಾಕ್ಟ್ರಿಗೂ ಗೊತ್ತಿಲ್ಲ. ಬೇಗ ಮಾಡ್ಕೊಡಿ" ಎಂದು ಯಜಮಾನರ ಕೈಗೆ ನೋಟ್‌ಬುಕ್ ಕೊಟ್ಟರು. ದನಿಯಲ್ಲಿ ದುಃಖವೇನೂ ಇರಲಿಲ್ಲ, ಬಸ್ಸಿನ ಸಮಯ ಹೇಳಿದಷ್ಟು ಸಲೀಸಾಗಿ ಹೇಳಿದರು.

ನಲವತ್ತೆಂಟು ಪುಟದ ಪುಸ್ತಕ, ವಿಷಯ ಒಂದೇ. ಇಂಗ್ಲಿಷ್ ವಾಕ್ಯದಲ್ಲಿ ಕೆಲಸ ಮಾಡುವವರು ಒಬ್ಬರಾದರೆ ಕ್ರಿಯಾಪದ ಒಂದು ಥರ, ಹಲವರಾದರೆ ಇನ್ನೊಂದು ಥರ. ಇವೆರಡನ್ನೂ ಹೊಂದಿಸುವುದು ಹೇಗೆ ಅನ್ನುವುದಷ್ಟೇ. ಹಳ್ಳಿಯ ಮಕ್ಕಳು ಕೂತು ಮಾಡಲೆಂದು ಅಭ್ಯಾಸದ ವಾಕ್ಯಗಳು, ಎಲ್ಲ ನಮ್ಮ ಕಡೆಯವೇ. ಹಸು ಹಾಲು ಕೊಡುತ್ತದೆ, ಅಜ್ಜಿ ರಾಗಿ ಬೀಸುತ್ತಾಳೆ, ರೇಷ್ಮೆ ಹುಳು ಸೊಪ್ಪು ತಿನ್ನುತ್ತದೆ. ಒಬ್ಬರೇ ಮಾಡಿದರೆ ಕ್ರಿಯಾಪದದ ಕೊನೆಗೆ ಒಂದು ಎಸ್ ಬೀಳುತ್ತದಂತೆ. ಪುಟದ ತುಂಬ ಒಬ್ಬೊಬ್ಬರೇ ಏನೋ ಒಂದು ಮಾಡುತ್ತಿದ್ದರು. ಎಸ್ ಮುಗಿಯದೆ ಇನ್ನೇನು?

ಮೊಳೆ ಸಾಲದೆ ಹೋದಾಗ ನಮ್ಮ ಕಸುಬಿನಲ್ಲಿ ಒಂದು ರೂಢಿ ಇದೆ. ಅಷ್ಟೇ ಅಗಲದ, ಬೇಡದ ಇನ್ನೊಂದು ಮೊಳೆಯನ್ನು ತಲೆಕೆಳಗು ಮಾಡಿ ಅಲ್ಲಿ ನಿಲ್ಲಿಸುತ್ತೇವೆ. ತಿದ್ದುವುದಕ್ಕೆಂದು ಪ್ರೂಫ್ ತೆಗೆದಾಗ ಆ ಜಾಗದಲ್ಲಿ ಅಕ್ಷರದ ಬದಲು ಮೊಳೆಯ ಕಾಲಿನ ಕರಿ ಗುರುತು ಮೂಡುತ್ತದೆ. ಇಲ್ಲಿ ಅಕ್ಷರ ಬಾಕಿ ಇದೆ, ಆಮೇಲೆ ಹಾಕುತ್ತೇವೆ ಎಂದು ಅದರ ಅರ್ಥ. ಯಾರೂ ಕೇಳದ ಝಡ್ಡು, ಎಕ್ಸು, ಕ್ಯೂಗಳನ್ನೆಲ್ಲ ಹಾಗೆ ತಲೆಕೆಳಗಾಗಿ ನಿಲ್ಲಿಸಿ ನಾಲ್ಕು ಪುಟ ಮುಗಿಸಿದೆ. ಪ್ರೂಫ್ ಎಳೆದು, ಸುತ್ತಿ, ಮುಳಬಾಗಿಲಿನ ಬಸ್ ಕಂಡಕ್ಟರ ಕೈಗೆ ಕೊಟ್ಟೆ. ಆಗೆಲ್ಲ ಸಾಮಾನು, ಕಾಗದ, ಔಷಧಿ ಎಲ್ಲವೂ ಕಂಡಕ್ಟರರ ಕೈಯಲ್ಲೇ ಊರು ಸೇರುತ್ತಿದ್ದವು. ಕರಿ ಗುರುತಿನ ವಿಷಯ ಒಂದು ಚೀಟಿಯಲ್ಲಿ ಬರೆದು ಇಡಬೇಕು ಎಂದು ನನಗೆ ಹೊಳೆಯಲೇ ಇಲ್ಲ.

ಎಂಟು ದಿನದ ಮೇಲೆ ಪ್ರೂಫ್ ವಾಪಸು ಬಂತು. ಒಂದು ಗೀಟು ಇಲ್ಲ, ಒಂದು ತಿದ್ದುಪಡಿ ಇಲ್ಲ. ಮೇಲೆ ಅಂಕುಡೊಂಕು ಅಕ್ಷರದಲ್ಲಿ ಒಂದು ಸಾಲು, 'ದಯವಿಟ್ಟು ಕೆಲಸ ನಿಲ್ಲಿಸಿಬಿಡಿ, ತೊಂದರೆಗೆ ಕ್ಷಮಿಸಿ.'

ನನಗೆ ಮೂಗಿನ ತುದಿಯಲ್ಲೇ ಕೋಪ. ಸಾಲು ನೆಟ್ಟಗಿದೆ, ಅಂಚು ಸರಿಯಾಗಿದೆ, ಇವರಿಗೆ ಇನ್ನೇನು ಬೇಕಂತೆ? ಬೆಂಗಳೂರಿನವರ ಕೈಲಿ ಮಾಡಿಸುವ ಆಸೆ ಬಂದಿರಬೇಕು ಎಂದು ಹಲ್ಲು ಕಡಿದೆ. "ಹೋಗ್ಲಿ ಬಿಡೋ, ಮದುವೆ ಸೀಜನ್ ಬಂತು, ಕೈತುಂಬ ಕೆಲಸ ಇದೆ" ಎಂದರು ಯಜಮಾನರು. ನಾನು ಬಿಡಬೇಕಲ್ಲ! ಮಂಗಳವಾರ ಪ್ರೆಸ್ಸಿಗೆ ರಜ. ಪ್ರೂಫನ್ನು ಕಂಕುಳಲ್ಲಿಟ್ಟುಕೊಂಡು, ನಾಲ್ಕು ಮಾತು ಆಡಿಯೇ ಬರುತ್ತೇನೆಂದು ಮುಳಬಾಗಿಲಿನ ಬಸ್ಸು ಹತ್ತಿದೆ.

ಬಾಗಿಲು ತೆಗೆದವರು ಅಮ್ಮಾವರು, ಮೇಷ್ಟ್ರ ಹೆಂಡತಿ. ನಾನು ಬಾಯಿ ಬಿಡುವ ಮೊದಲೇ ಸನ್ನೆ ಮಾಡಿ ಜಗುಲಿಯಲ್ಲಿ ಕೂರಿಸಿದರು.

"ಅವರ ಹತ್ರ ಪುಸ್ತಕದ ಮಾತು ಎತ್ಬೇಡಪ್ಪ. ನೀವು ಕಳಿಸಿದ ಕಾಗದ ನೋಡಿದ ದಿನದಿಂದ ಮಾತೇ ಇಲ್ಲ. ಪೇಪರ್ ಓದ್ತಿದ್ರು, ಅದನ್ನೂ ಮುಟ್ತಿಲ್ಲ. ಕಣ್ಣಲ್ಲಿ ಕಪ್ಪು ಕಾಣಿಸ್ಕೊಂತು, ಮುಗೀತು ಅಂತಾರೆ."

"ಕಪ್ಪಾ?"

"ಹೂಂ. ಕರೀ ಚುಕ್ಕಿ ಕಾಣೋಕೆ ಶುರುವಾದ್ರೆ ಈ ಕಣ್ಣೂ ಹೋಗೋ ಹಾಗೇಂತ ಡಾಕ್ಟ್ರು ಮೊದಲೇ ಹೇಳಿದ್ರು. ಆ ಕಾಗದ ಓದೋವಾಗ ಪ್ರತಿ ಸಾಲಲ್ಲೂ ಕರೀ ಚುಕ್ಕಿ ಕಾಣಿಸ್ತಂತೆ. ಡಾಕ್ಟ್ರ ಹತ್ರ ಹೋಗೋಣ ಅಂದ್ರೆ ಏನು ಪ್ರಯೋಜನ ಅಂತಾರೆ." ಸೆರಗಿನಿಂದ ಕಣ್ಣೊರೆಸಿಕೊಂಡರು.

ಅಯ್ಯೋ ನನ್ನ ಕರ್ಮವೇ! ಆ ಚುಕ್ಕಿ ಅವರ ಕಣ್ಣಿನದಲ್ಲ, ನಾನು ತಲೆಕೆಳಗು ಮಾಡಿ ನಿಲ್ಲಿಸಿದ ಝಡ್ಡು, ಎಕ್ಸುಗಳದು. ಎಂಟು ದಿನ ಆ ಮುದುಕರು ಕುರುಡಾದೆನೆಂದು ಗೋಡೆಗೆ ಮುಖ ಮಾಡಿ ಕೂತಿದ್ದಾರೆ, ನಾನು ಜಗಳಕ್ಕೆ ಬಂದಿದ್ದೇನೆ. ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ನುಗ್ಗಿದೆ.

"ಮೇಷ್ಟ್ರೇ, ನಿಮ್ಮ ಕಣ್ಣಿಗೇನೂ ಆಗಿಲ್ಲ! ಅದು ನನ್ನ ಕೆಲಸ!"

ಅವರಿಗೆ ತಲೆಬುಡ ಅರ್ಥವಾಗಲಿಲ್ಲ. ಪುಣ್ಯಕ್ಕೆ ಕಸುಬಿನವನ ಜೇಬಿನಲ್ಲಿ ಯಾವಾಗಲೂ ನಾಲ್ಕು ಮೊಳೆ ಇದ್ದೇ ಇರುತ್ತವೆ. ಒಂದನ್ನು ಅವರ ಅಂಗೈಯಲ್ಲಿಟ್ಟೆ. ಬೆರಳಿಗೆ ಮೊದಲು ತಲೆಯ ಅಕ್ಷರ ಮುಟ್ಟಿಸಿದೆ, ಆಮೇಲೆ ಕಾಲಿನ ತಗ್ಗು ಮುಟ್ಟಿಸಿದೆ. ಅಮ್ಮಾವರು ಒಲೆಯ ಹತ್ತಿರದಿಂದ ಮಸಿ ತಂದರು. ಮೊಳೆಯ ಕಾಲನ್ನು ಅದರಲ್ಲಿ ಅದ್ದಿ ಕಾಗದದ ಮೇಲೆ ಒತ್ತಿ ತೋರಿಸಿದೆ. ಮೇಷ್ಟ್ರು ಭೂತಗನ್ನಡಿ ಹಿಡಿದು ನೋಡಿದರು. ಪ್ರೂಫ್ ನೋಡಿದರು. ಗೋಡೆಯ ಮೇಲಿನ ಕ್ಯಾಲೆಂಡರ್ ಇಳಿಸಿ ತರಿಸಿ ಅದನ್ನೂ ನೋಡಿದರು. ಕ್ಯಾಲೆಂಡರಿನಲ್ಲಿ ಒಂದೂ ಚುಕ್ಕಿ ಇರಲಿಲ್ಲ.

"ಲೇ, ಕಾಣ್ತಾ ಇದೆ ಕಣೇ" ಎಂದರು ಹೆಂಡತಿಗೆ. ಆಮೇಲೆ ನಕ್ಕರು ನೋಡಿ, ಕನ್ನಡಕ ಜಾರಿ ತೊಡೆಯ ಮೇಲೆ ಬೀಳುವವರೆಗೂ ನಕ್ಕರು. ಅಮ್ಮಾವರು ಅತ್ತರು. ನನಗೂ ತಡೆಯಲಾಗಲಿಲ್ಲ, ಅಳುವನ್ನು ನೀರು ಕುಡಿಯುವ ನೆಪದಲ್ಲಿ ಮುಚ್ಚಿಕೊಂಡೆ.

ನಗು ನಿಂತ ಮೇಲೆ ಎಸ್‌ನ ತೊಂದರೆ ಹೇಳಿಕೊಂಡೆ. ಬೆಂಗಳೂರಿನ ಫೌಂಡ್ರಿಯವರು ಹೊಸ ಮೊಳೆ ಎರಕ ಹೊಯ್ದು ಕೊಡಬೇಕಾದರೆ ಮೂರು ತಿಂಗಳು ಕಾಯಬೇಕು. ಒಂದೊಂದೇ ಪುಟ ಅಚ್ಚು ಹಾಕೋಣವೆಂದರೆ ಮದುವೆ ಸೀಜನ್ನಿನಲ್ಲಿ ಯಜಮಾನರು ಮಿಷನ್ ಬಿಡುವುದಿಲ್ಲ. ನನಗೊಂದು ಮಹಾ ಉಪಾಯ ಹೊಳೆಯಿತು. "ಸಾರ್, ಎಲ್ಲಾ ವಾಕ್ಯದಲ್ಲೂ ಒಂದು ಹಸೂನ ಹತ್ತು ಹಸು ಮಾಡ್ಬಿಡಿ. ಹಲವರಾದ್ರೆ ಕ್ರಿಯಾಪದಕ್ಕೆ ಎಸ್ ಬೇಡ ಅಂತ ನೀವೇ ಬರೆದಿದೀರಲ್ಲ, ಮೊಳೆ ಉಳೀತದೆ."

"ಉಳಿಯಲ್ಲ ಕಣಯ್ಯಾ. ಹತ್ತು ಹಸು ಆದ್ರೆ ಎಸ್ಸು ಹಸೂಗೆ ಹೋಗುತ್ತೆ. ಎಲ್ಲೋ ಒಂದು ಕಡೆ ಕೊಡ್ಲೇಬೇಕು" ಎಂದು ಮತ್ತೆ ನಕ್ಕರು. ಆಮೇಲೆ ನನ್ನ ಕೈ ಹಿಡಿದುಕೊಂಡು, "ಮೂರು ತಿಂಗಳು ಕಾಯೋ ಹಾಗಿಲ್ಲಪ್ಪ. ಈಗ ಉಳೀತು, ನಾಳೆ ನಿಜವಾಗ್ಲೂ ಬಂದ್ರೆ?" ಎಂದರು.

ಮುಂದಿನ ಎರಡು ಮಂಗಳವಾರ ನಾನು ಎಸ್ ಬೇಡಲು ಹೊರಟೆ. ಮೊದಲು ಮಾಲೂರು. ಅಲ್ಲಿನ ಪ್ರೆಸ್ಸಿನವರದೂ ನಮ್ಮದೇ ಫೌಂಡ್ರಿಯ ಮೊಳೆ. ಒಂದು ಹಿಡಿ ಎಸ್ ಎಣಿಸಿ, ಕಾಗದದಲ್ಲಿ ಕಟ್ಟಿ, ವಾಪಸು ಕೊಡದಿದ್ದರೆ ನೋಡು ಎಂದು ಬೆರಳು ತೋರಿಸಿ ಕೊಟ್ಟರು. ಅದು ನಾಲ್ಕು ಪುಟಕ್ಕೆ ಸಾಲದು. ಮರುವಾರ ಶ್ರೀನಿವಾಸಪುರ. ಅಲ್ಲಿನ ಪ್ರೆಸ್ಸಿನ ಯಜಮಾನ ನನ್ನ ಮಾತು ಕೇಳಿ ಬಿದ್ದು ಬಿದ್ದು ನಕ್ಕ. "ಎಸ್ ಒಕ್ಕಟೇನಾ? ಮಿಗಿಲಿನವಿ ವದ್ದಾ?" ಬರೀ ಎಸ್ ಸಾಕಾ, ಉಳಿದ ಅಕ್ಷರ ಬೇಡವಾ ಎಂದು ತೆಲುಗಿನಲ್ಲಿ ಗೇಲಿ ಮಾಡಿದ. ಮೇಷ್ಟ್ರ ಹೆಸರು ಹೇಳಿದೆ. ನಗು ನಿಂತಿತು. "ಆ ಮೇಷ್ಟ್ರಾ? ನನ್ನ ಕಿವಿ ಹಿಂಡಿದೋರು ಅವರು" ಎನ್ನುತ್ತಾ ತಾನೇ ಕೇಸಿನ ಮುಂದೆ ಕೂತು ಒಂದೂ ಬಿಡದೆ ಆರಿಸಿ ಕೊಟ್ಟ. ಆದರೆ ಅವೆಲ್ಲ ದಪ್ಪ ಅಕ್ಷರದ ಮೊಳೆ. ಎತ್ತರ, ಅಳತೆ ನಮ್ಮದಕ್ಕೆ ಕೂಡುತ್ತದೆ, ಮುಖ ಮಾತ್ರ ಎರಡರಷ್ಟು ಕಪ್ಪು.

ಸಿಕ್ಕ ಸಿಕ್ಕಲ್ಲಿ ಅದನ್ನೂ ಇದನ್ನೂ ಬೆರೆಸಿ ಜೋಡಿಸಿ ಪ್ರೂಫ್ ಎಳೆದೆ. ಯಜಮಾನರು ನೋಡಿ, "ಥೂ, ಇದೇನೋ ಇದು, ಮುಖದ ತುಂಬ ಕಜ್ಜಿ" ಎಂದರು. ನನಗೂ ನಾಚಿಕೆಯಾಯಿತು. ಈ ಸಲ ಕಂಡಕ್ಟರ ಕೈಗೆ ಕೊಡದೆ ನಾನೇ ಒಯ್ದು, ಮೊದಲೇ ಎಲ್ಲ ವಿವರಿಸಿ, ಬೈಸಿಕೊಳ್ಳಲು ತಲೆ ತಗ್ಗಿಸಿ ಕೂತೆ.

ಮೇಷ್ಟ್ರು ಬಹಳ ಹೊತ್ತು ಹಾಳೆಯ ಮೇಲೆ ಬಾಗಿದ್ದರು. ಭೂತಗನ್ನಡಿ ಪಕ್ಕಕ್ಕಿಟ್ಟರು. ಬರೀ ಕನ್ನಡಕದಲ್ಲೇ ಒಂದೊಂದು ದಪ್ಪ ಎಸ್‌ನ ಮೇಲೂ ಬೆರಳಿಡುತ್ತಾ ಹೋದರು.

"ಇವು ನಂಗೆ ಗನ್ನಡಿ ಇಲ್ದೆ ಕಾಣ್ತವೆ ಕಣೋ."

ಆ ಮಾತಿಗೆ ನನ್ನ ತಲೆ ಓಡಿತು. "ಹಾಗಾದ್ರೆ ಸಾರ್, ದಪ್ಪದ್ದನ್ನೆಲ್ಲಾ ಒಂದೇ ಕಡೆಗೆ ಅಂತ ಇಟ್ಕೊಂಡ್ರೆ? ಎಲ್ಲಿ ಹಾಕಲಿ ಹೇಳಿ."

"ಕ್ರಿಯಾಪದಕ್ಕೆ!" ಎಂದು ಮಂಚದಿಂದ ಅರ್ಧ ಎದ್ದೇಬಿಟ್ಟರು. "ಅಲ್ಲಿಗೆ ಮಾತ್ರ ದಪ್ಪದ್ದು. ನಮ್ಮ ಹುಡುಗರು ತಪ್ಪೋದೇ ಅಲ್ಲಿ. ಮೈ ಫಾದರ್ ಗೋ ಅಂತಾನೇ ಬರೀತಾರೆ. ಅಪ್ಪ ಹೋಗ್ತಾರೆ ಅಂದು ಅಭ್ಯಾಸ, ಎಸ್ ಹಾಕಿ ಏಕವಚನ ಮಾಡೋಕೆ ಮನಸ್ಸು ಬರಲ್ಲ. ಮೂವತ್ತು ವರ್ಷ ಬಡ್ಕೊಂಡೆ. ಈ ಎಸ್ಸು ಕಣ್ಣಿಗೆ ಹೊಡೆದ್ರೆ ಮರೀತಾರಾ?"

ತೀರ್ಮಾನ ಅಲ್ಲೇ ಆಯಿತು, ಆದರೆ ಕಷ್ಟ ಶುರುವಾದದ್ದೂ ಅಲ್ಲಿಂದಲೇ. ಯಾವ ಎಸ್ ಹೆಸರಿನದು, ಯಾವುದು ಕ್ರಿಯಾಪದದ್ದು ಎಂದು ನನಗೆ ಗೊತ್ತಾಗಬೇಕಲ್ಲ! ಹಸ್ತಪ್ರತಿಯಲ್ಲಿ ಗುರುತು ಹಾಕಿಕೊಡುವಷ್ಟು ಕಣ್ಣಿನ ಶಕ್ತಿ ಅವರಿಗಿಲ್ಲ, ಇದ್ದದ್ದನ್ನೆಲ್ಲ ಪ್ರೂಫಿಗೆ ಉಳಿಸಿಕೊಳ್ಳಬೇಕು. ಹಾಗಾಗಿ ಮಂಗಳವಾರ ಮಂಗಳವಾರ ನಾನು ಅವರ ಮನೆಯಲ್ಲಿ ವಿದ್ಯಾರ್ಥಿಯಾದೆ.

"ಮೊದಲು ಯಾರು ಅಂತ ಕೇಳು. ಒಬ್ಬರಾ, ತುಂಬಾ ಜನಾನಾ? ಆಮೇಲೆ ಏನು ಮಾಡ್ತಾರೆ ಅಂತ ನೋಡು. ಈಗ ನೋಡು, ನಿಮ್ಮಮ್ಮಾವರು ಒಬ್ಬರೇ. ಶಿ ಕುಕ್ಸ್. ನಾನೂ ಅವರೂ ಸೇರಿದ್ರೆ, ವಿ ಕುಕ್."

ಒಳಗಿನಿಂದ ಅಮ್ಮಾವರು, "ಇವರು ಯಾವಾಗ ಅಡುಗೆ ಮಾಡಿದ್ರು ಕೇಳಪ್ಪ" ಎಂದರು.

ಮೊದಲ ವಾರ ನಾನು ಬಸ್ ಅನ್ನುವ ಮಾತಿನ ಕೊನೆಗೂ ದಪ್ಪ ಎಸ್ ಹಾಕಿಟ್ಟಿದ್ದೆ. "ಬಸ್ಸು ಏನು ಕೆಲಸಾನಾ, ವಸ್ತೂನಾ?" ಎಂದು ಕೇಳಿದರು. "ಓಡುತ್ತಲ್ಲಾ ಸಾರ್" ಎಂದೆ. ಹೀಗೆ ನಗಿಸುತ್ತ, ಬೈಸಿಕೊಳ್ಳುತ್ತ ಕಲಿತೆ. ಅಂಗಡಿ ಬೋರ್ಡು ನೋಡಿದರೂ ಯಾರು, ಒಬ್ಬರಾ, ಏನು ಮಾಡುತ್ತಾರೆ ಎಂದು ಹುಡುಕುವ ಚಟ ಹತ್ತಿತು. ಝಡ್ಡಿನ ಮನೆ ಖಾಲಿ ಮಾಡಿ ದಪ್ಪ ಎಸ್‌ಗಳಿಗೆ ಕೊಟ್ಟೆ. ನಾಲ್ಕು ಪುಟ ಜೋಡಿಸುವುದು, ಪ್ರೂಫ್ ಒಯ್ಯುವುದು, ತಿದ್ದುವುದು, ಅಚ್ಚು ಹಾಕುವುದು, ಮೊಳೆಗಳನ್ನು ಬಿಚ್ಚಿ ತೊಳೆದು ಅದರದರ ಮನೆಗೆ ಹಾಕಿ ಮತ್ತೆ ನಾಲ್ಕು ಪುಟ. ಯಜಮಾನರು ಮುಖ ಗಂಟಿಕ್ಕಿಕೊಂಡೇ ಸಂಜೆ ಹೊತ್ತು ಮಿಷನ್ ಬಿಟ್ಟುಕೊಟ್ಟರು.

ಮೇಷ್ಟ್ರ ಓದುವ ವೇಗ ವಾರದಿಂದ ವಾರಕ್ಕೆ ಇಳಿಯಿತು. ಮೊದಲು ಒಂದು ಪುಟಕ್ಕೆ ಒಂದು ಲೋಟ ಕಾಫಿ ಮುಗಿಯುತ್ತಿತ್ತು. ಆಮೇಲೆ ಕಾಫಿ ತಣ್ಣಗಾಗಿ, ಮತ್ತೆ ಬಿಸಿ ಮಾಡಿ, ಅದೂ ಆರಿದರೂ ಪುಟ ಮುಗಿಯುತ್ತಿರಲಿಲ್ಲ. ಮಂಚವನ್ನು ಕಿಟಕಿಯ ಹತ್ತಿರಕ್ಕೆ ಎಳೆದುಕೊಂಡರು, ಆಮೇಲೆ ಅಂಗಳಕ್ಕೇ ಬಂದು ಕೂತರು. ಒಂದು ದಿನ ಅಮ್ಮಾವರು ಬಾಗಿಲ ಹೊರಗೆ ಬಂದು, "ಅವರು ಏನಾದ್ರೂ ಬಿಟ್ರೆ ನೀನೇ ಸುಮ್ನೆ ಸರಿ ಮಾಡ್ಬಿಡಪ್ಪ, ಹೇಳ್ಬೇಡ" ಎಂದರು. ಹೂಂ ಎಂದೆ. ಅದೇ ದಿನ ಒಳಗೆ ಮೇಷ್ಟ್ರು, "ನಾನು ಬಿಟ್ಟದ್ದೇನಾದ್ರೂ ಕಂಡ್ರೆ ನನ್ನ ಮುಖಕ್ಕೇ ಹೇಳ್ಬೇಕು, ಆಯ್ತಾ?" ಎಂದರು. ಅದಕ್ಕೂ ಹೂಂ ಎಂದೆ. ಇಬ್ಬರಿಗೂ ಮಾತು ಕೊಟ್ಟು ಬಸ್ಸು ಹತ್ತಿದ ಪೆದ್ದ ನಾನು.

ಮೂವತ್ತಾರು ಪುಟದವರೆಗೆ ಆ ಪ್ರಶ್ನೆ ಏಳಲೇ ಇಲ್ಲ. ಹತ್ತನೆಯ ಫಾರಂ, ಅಂದರೆ ಒಂದೇ ಚೌಕಟ್ಟಿನಲ್ಲಿ ಬಿಗಿದು ಕೂರಿಸಿದ ನಾಲ್ಕು ಪುಟ, ಮೂವತ್ತೇಳರಿಂದ ನಲವತ್ತು. ಮೇಷ್ಟ್ರು ಇಡೀ ಬೆಳಗು ಓದಿ, ಎರಡು ಕಡೆ ತಿದ್ದಿ, ಅಂಚಿನಲ್ಲಿ 'ಅಚ್ಚಿಗೆ ಹಾಕಬಹುದು' ಎಂದು ಬರೆದು ಇಂಗ್ಲಿಷಿನಲ್ಲಿ ಸಹಿ ಹಾಕಿ ಕೊಟ್ಟಿದ್ದರು. ಆ ಸಹಿ ಇಲ್ಲದೆ ಯಾವ ಫಾರಮ್ಮನ್ನೂ ಮಿಷನ್ನಿಗೆ ಏರಿಸಬಾರದು, ಅದು ಪ್ರೆಸ್ಸಿನ ಕಟ್ಟಳೆ. ಮಾರನೆಯ ಸಂಜೆ ಪ್ರೆಸ್ಸಿನಲ್ಲಿ ಮಸಿ ಹಚ್ಚಿ ಮೊದಲ ಹಾಳೆ ತೆಗೆದು ನೋಡಿದೆ. ಮೂವತ್ತೊಂಬತ್ತನೆಯ ಪುಟದ ಮಧ್ಯೆ ರೇಷ್ಮೆ ಹುಳುವಿನ ವಾಕ್ಯ. ಹುಳು ಒಂದೇ. ತಿನ್ನುವುದರ ಕೊನೆಗೆ ಎಸ್ ಇಲ್ಲ. ನಾನೇ ಜೋಡಿಸುವಾಗ ಬಿಟ್ಟಿದ್ದೆ.

"ನಿಲ್ಸೋ!" ಎಂದು ಮಿಷನ್ನಿನವನಿಗೆ ಕೂಗಿದೆ.

ಅದನ್ನು ಸರಿ ಮಾಡಲು ಎರಡು ನಿಮಿಷ ಸಾಕು. ದಪ್ಪ ಎಸ್ ಒಂದನ್ನು ಚಿಮಟದಲ್ಲಿ ಎತ್ತಿಕೊಂಡಿದ್ದೂ ಆಯಿತು. ಹಾಕಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ, ಅಮ್ಮಾವರ ಮಾತೂ ಉಳಿಯುತ್ತದೆ. ಆದರೆ ಕೈ ಮುಂದಕ್ಕೆ ಹೋಗಲಿಲ್ಲ. ಒಂದು ಸಲ ನಾನು ಹೇಳದೆ ಬಿಟ್ಟದ್ದಕ್ಕೆ ಇಲ್ಲದ ಕತ್ತಲೆಯಲ್ಲಿ ಎಂಟು ದಿನ ಕೂತಿದ್ದರು. ಈಗ ನಿಜವಾದದ್ದೇ ಬಂದಿದೆ, ಇದನ್ನೂ ಹೇಳದೆ ಇದ್ದರೆ ಅವರಿಗೆ ನಾನು ಯಾವ ಲೆಕ್ಕದ ಮನುಷ್ಯ? ಫಾರಮ್ಮನ್ನು ಇಳಿಸಿ ಪುಟ ಕಟ್ಟುವ ಕಲ್ಲಿನ ಮೇಲೆ ಹಾಗೇ ಬಿಟ್ಟು, ಬೆಳಗಿನ ಮೊದಲ ಬಸ್ಸಿಗೆ ಹೊರಟೆ.

ಅಂಗಳದಲ್ಲಿ ಬಿಸಿಲು ಬಿದ್ದಿತ್ತು. ನನ್ನನ್ನು ನೋಡಿ ಅಮ್ಮಾವರಿಗೆ ಗೊತ್ತಾಗಿಹೋಯಿತು. ಬೇಡ ಎಂದು ಕಣ್ಣಲ್ಲೇ ಬೇಡಿಕೊಂಡರು. ನಾನು ಮೇಷ್ಟ್ರ ಕಾಲಿನ ಹತ್ತಿರ ಕೂತೆ.

"ಸಾರ್, ಒಂದು ತಪ್ಪು ಉಳಿದಿದೆ."

"ಯಾವ ಪುಟ? ಓದು."

ಓದಿದೆ. ಕೇಳಿಸಿಕೊಂಡರು.

"ಏನು ತಪ್ಪು?"

"ಹುಳು ಒಂದೇ ಸಾರ್. ಈಟ್ ಪಕ್ಕದಲ್ಲಿ ಎಸ್ ಇಲ್ಲ. ನಾನು ಜೋಡಿಸೋವಾಗ ಬಿಟ್ಟೆ."

"ನೀನು ಬಿಟ್ಟೆ, ಸರಿ. ನಾನು ಓದಿ ಸಹಿ ಹಾಕ್ದೆ." ನನ್ನ ಕಡೆ ಮುಖ ತಿರುಗಿಸಿದರು. "ಹಿಡಿದೋರು ಯಾರು? ನಿಮ್ಮ ಯಜಮಾನರಾ?"

"ನಾನೇ ಸಾರ್."

ಕನ್ನಡಕ ತೆಗೆದರು. ಪಂಚೆಯ ಅಂಚಿನಲ್ಲಿ ಒರೆಸಿ, ಮಡಿಸಿ, ಭೂತಗನ್ನಡಿಯ ಪಕ್ಕದಲ್ಲಿಟ್ಟರು. ಮತ್ತೆ ಹಾಕಿಕೊಳ್ಳಲಿಲ್ಲ. ಅಮ್ಮಾವರು ಬಂದು ಅವರ ಹಿಂದೆ ನಿಂತು ಹೆಗಲ ಮೇಲೆ ಕೈ ಇಟ್ಟರು.

"ಇನ್ನೆಷ್ಟು ಪುಟ ಇದೆ?"

"ಎಂಟು."

"ಅವನ್ನ ಇಲ್ಲಿಗೆ ತರ್ಬೇಡ. ನೀನೇ ನೋಡಿ ಓಡಿಸು."

"ಅಯ್ಯೋ, ನಾನು ಏಳನೇ ಕ್ಲಾಸು ಸಾರ್" ಎಂದೆ.

"ಮೂವತ್ತು ವರ್ಷ ಪಾಠ ಮಾಡಿದೀನಿ ಕಣೋ. ಒಬ್ಬನೂ ನನ್ನ ತಪ್ಪು ಹಿಡೀಲಿಲ್ಲ. ನೀನು ಹಿಡ್ದೆ" ಎನ್ನುತ್ತ ತಡಕಾಡಿ ನನ್ನ ತಲೆಯ ಮೇಲೆ ಕೈ ಇಟ್ಟರು. "ನಲವತ್ತು ಪುಟ ನಾನೇ ಓದ್ದೆ. ನಂಗೆ ಅಷ್ಟು ಸಿಕ್ತು. ಹೋಗು, ಬಸ್ಸಿಗೆ ಹೊತ್ತಾಗುತ್ತೆ."

ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಕೋಲಾರದವರೆಗೂ ಅತ್ತೆ. ಯಾರು ನೋಡಿದರೂ ನೋಡಲಿ ಎನಿಸಿತ್ತು.

ರೇಷ್ಮೆ ಹುಳುವಿನ ಎಸ್ ಹಾಕಿ ಹತ್ತನೆಯ ಫಾರಂ ಮುಗಿಸಿದೆ. ಹನ್ನೊಂದನೆಯದನ್ನು ಜೋಡಿಸಿ ಪ್ರೂಫ್ ಎಳೆದೆ. ಯಜಮಾನರು ಹಾಳೆ ತಿರುಗಿಸಿ ಮುರುಗಿಸಿ ನೋಡಿ, "ಮೇಷ್ಟ್ರ ಸಹಿ ಎಲ್ಲೋ? ಸಹಿ ಇಲ್ದೆ ಏರಿಸಲ್ಲ ನಾನು" ಎಂದರು.

"ಕೊಡಿ ಇಲ್ಲಿ" ಎಂದೆ.

ಬಾಗಿಲ ಬೆಳಕಿಗೆ ಸ್ಟೂಲು ಎಳೆದುಕೊಂಡು ಕೂತೆ. ಒಂದೊಂದು ವಾಕ್ಯದ ಕೆಳಗೂ ಬೆರಳಿಟ್ಟು, ಯಾರು, ಒಬ್ಬರಾ, ತುಂಬಾ ಜನವಾ, ಏನು ಮಾಡುತ್ತಾರೆ ಎಂದು ಬಾಯಲ್ಲಿ ಕೇಳಿಕೊಳ್ಳುತ್ತ ನಾಲ್ಕು ಪುಟವನ್ನೂ ಮೂರು ಸಲ ಓದಿದೆ. ಒಂದು ಅಲ್ಪವಿರಾಮ ಬಿಟ್ಟುಹೋಗಿತ್ತು, ಹಾಕಿದೆ. ಅಂಚಿನಲ್ಲಿ 'ಅಚ್ಚಿಗೆ ಹಾಕಬಹುದು' ಎಂದು ಬರೆದೆ. ಅದರ ಕೆಳಗೆ ನನ್ನ ಹೆಸರನ್ನು ಇಂಗ್ಲಿಷಿನಲ್ಲಿ, ಒಂದೊಂದೇ ಅಕ್ಷರ ಜೋಡಿಸಿ ಬರೆದೆ. ಯಜಮಾನರು ಆ ಸಹಿಯನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಮಿಷನ್ನಿನವನ ಕಡೆ ತಿರುಗಿ, "ಸಹಿ ಆಗಿದೆ, ಏರಿಸೋ" ಎಂದರು.